ಅಮ್ಮ ಉಂಡ ಎರಡು ಮುದ್ದೆ

೨೧ ಆಗಸ್ಟ್ ೧೯೬೪, ಶುಕ್ರವಾರ. ಮಧುರೆ, ಅಮ್ಮನ ತವರುಹಳ್ಳಿ.

ರಂಗೂನು ಬಿಟ್ಟಾಗಿನಿಂದ ಅಮ್ಮ ಸರಿಯಾಗಿ ಉಂಡಿರಲಿಲ್ಲ. ಹಲ್ಲಿಲ್ಲದ ಬಾಯಿ, ಅನ್ನ ಅಗಿಯಲೂ ಆಗದು ಎನ್ನುತ್ತಿದ್ದಳು. ಈ ವಯಸ್ಸಿನಲ್ಲಿ ಅವಳನ್ನು ಹುಟ್ಟೂರಿಗೆ ಕರೆತಂದು ತಪ್ಪು ಮಾಡಿದೆನೇ ಎಂದು ಸಂಜೆಯವರೆಗೂ ಮನಸ್ಸು ಕೊರೆಯುತ್ತಿತ್ತು.

ರಾತ್ರಿ ಅವಳ ತಮ್ಮ ಸೊಣ್ಣಪ್ಪ ಮಾವನ ಮನೆಯಲ್ಲಿ ರಾಗಿಮುದ್ದೆ, ಬಸ್ಸಾರು. ಅಮ್ಮ ಎರಡು ಮುದ್ದೆ ಉಂಡಳು! ಮುದ್ದೆಗೆ ಹಲ್ಲೇ ಬೇಡವಂತೆ. ರಂಗೂನಿನಲ್ಲೇ ಹುಟ್ಟಿ ಬೆಳೆದ ನಾನು ಮೊದಲ ತುತ್ತನ್ನೇ ಅಗಿಯುತ್ತಾ ಕೂತೆ, ಹಲ್ಲಿಗೆಲ್ಲ ಅಂಟಿಕೊಂಡಿತು.

"ಅಗೀಬ್ಯಾಡ ಕಣಪ್ಪಾ, ನುಂಗು" ಎಂದು ಮಾವ ನಕ್ಕರು.

ಅಮ್ಮ ತನ್ನ ತಟ್ಟೆಯಿಂದ ತುತ್ತು ಮುರಿದು, ಸಾರಿನಲ್ಲಿ ಅದ್ದಿ ನನ್ನ ಬಾಯಿಗಿಟ್ಟಳು. ನಲವತ್ತು ದಾಟಿದ ಮಗನಿಗೆ!

"ಹೆದರ್ಕೋಬ್ಯಾಡ ಕಣೋ, ನಾನಿದ್ದೀನಿ."

ಹಡಗು ಹತ್ತುವಾಗ ಅವಳ ಕೈ ಹಿಡಿದು ನಾನು ಹೇಳಿದ್ದೂ ಇದೇ ಮಾತು.