ಹತ್ತು ಲಕ್ಷದ ಮೂರು

ದುರ್ಗಿಗುಡಿ, ಶಿವಮೊಗ್ಗ
ತಾ. 14-3-1941, ಶುಕ್ರವಾರ ಮಧ್ಯಾಹ್ನ

ಪ್ರೀತಿಯ ತಮ್ಮ ಪುಟ್ಟಯ್ಯನಿಗೆ ಅಕ್ಕನ ಆಶೀರ್ವಾದ.

ಮೈಯಲ್ಲಿ ಹುಷಾರಾಗಿದ್ದೀಯಾ? ಕುಲುಮೆಯ ಮುಂದೆ ನಿಂತು ನಿನ್ನ ಅಂಗೈಯೆಲ್ಲ ಬೊಬ್ಬೆ ಎದ್ದಿದೆ ಎಂದು ಜಟ್ಟಪ್ಪ ಹೇಳಿದ. ಹರಳೆಣ್ಣೆ ಹಚ್ಚಿಕೋ. ನಿನ್ನ ಜೊತೆ ಕಾರ್ಖಾನೆಯಲ್ಲಿ ದುಡಿಯುವ ಅವನೇ ಈ ಕಾಗದವನ್ನೂ ಸಂಜೆ ರೈಲಿನಲ್ಲಿ ತರುತ್ತಾನೆ. ಭದ್ರಾವತಿ ಏನು ಸಮುದ್ರದಾಚೆ ಇದೆಯೇ? ನಾಲ್ಕು ವರ್ಷವಾಯಿತು, ನಿನಗೆ ಬರಲಾಗಲಿಲ್ಲ.

ಅಪ್ಪನಿಗೆ ಎದೆ ಕಟ್ಟಿದೆ. ಈ ವಾರ ದಾಟುವುದು ಕಷ್ಟ ಎಂದು ಡಾಕ್ಟರು ಕೈಚೆಲ್ಲಿದ್ದಾರೆ. ಹೋದ ವಾರ ಹೇಳಿಕಳಿಸಿದರೆ ನೀನು ಕೊಟ್ಟ ಉತ್ತರವೇನು? "ಆ ಲೆಕ್ಕ ಮುಗೀಲಿ ಅಂತ ಅಕ್ಕಂಗೆ ಹೇಳು, ಆಮೇಲೆ ಬರ್ತೀನಿ." ಕೇಳಿ ನನಗೆ ಮೈಯೆಲ್ಲ ಉರಿದುಹೋಯಿತು. ನೀನು ಮನೆ ಬಿಟ್ಟ ಆ ಯುಗಾದಿಯ ದಿನ ಮನೆ ತುಂಬ ಅಪ್ಪನ ಹಳೆಯ ಶಿಷ್ಯರಿದ್ದರು. ಹತ್ತು ಲಕ್ಷದ ಮೂರನ್ನು (10,00,003) ಹದಿನೇಳು ಸರಿಯಾಗಿ ಭಾಗಿಸುತ್ತದೆ ಎಂದು ಅಪ್ಪ ಬಾಯಿಲೆಕ್ಕದಲ್ಲಿ ಹೇಳಿಬಿಟ್ಟರು. ಮೂವತ್ತು ವರ್ಷ ಗಣಿತ ಕಲಿಸಿದ ಮೇಷ್ಟರು ಒಂದು ಸಲ ತಪ್ಪಿದರು, ಅಷ್ಟೆ. ನೀನು ಎಲ್ಲರೆದುರು ಸ್ಲೇಟು ಎತ್ತಿ, ಹನ್ನೆರಡು ಉಳಿಯುತ್ತದೆ ಎಂದು ತೋರಿಸಿದೆ. ಅಲ್ಲಿಗಾದರೂ ಬಿಟ್ಟೆಯಾ? ಹದಿನೇಳಲ್ಲ, ಯಾವ ಸಂಖ್ಯೆಯೂ ಇದನ್ನು ಭಾಗಿಸದು ಎಂದೆ. "ಅದು ಸಾಬೀತಾಗೋವರೆಗೂ ಈ ಹೊಸಿಲು ತುಳೀಬೇಡ" ಎಂದು ಅಪ್ಪ ಕೂಗಿದರು. ನೀನು ಚಪ್ಪಲಿ ಮೆಟ್ಟಿ ಹೊರಟೇ ಹೋದೆ.

ಹಾಸಿಗೆ ಹಿಡಿದ ಮೇಲೆ ಅಪ್ಪ ಸ್ಲೇಟು ಕೇಳಿದರು. ಸಾವಿರವನ್ನು ಸಾವಿರದಿಂದ ಗುಣಿಸಿದರೇ ಹತ್ತು ಲಕ್ಷ. ಹಾಗಾಗಿ ಭಾಗಿಸುವಂಥದ್ದು ಇದ್ದರೆ ಒಂದಾದರೂ ಸಾವಿರದೊಳಗೆ ಸಿಗಲೇಬೇಕಂತೆ. ಅದರೊಳಗೆ ಅವಿಭಾಜ್ಯ ಸಂಖ್ಯೆಗಳು ನೂರ ಅರವತ್ತೆಂಟು; ಅಷ್ಟನ್ನು ನೋಡಿದರೆ ಸಾಕು. ನಾನು ಭಾಗಿಸುತ್ತೇನೆ, ಅವರು ದಿಂಬಿಗೆ ಒರಗಿ ಒಂದೊಂದನ್ನೂ ತಾಳೆ ನೋಡುತ್ತಾರೆ. ಸೋಲುವುದಕ್ಕೆಂದೇ ಲೆಕ್ಕ ಮಾಡುತ್ತಿದ್ದಾರೆ ಕಣೋ! ನೀನು ಗೆದ್ದರೆ ತಾನೇ ಅವರು ನಿನ್ನನ್ನು ಕರೆಯಬಹುದು? ಈಗ ಮೂರೇ ಬಾಕಿ. ಎಲ್ಲ ಮುಗಿಯಿತು, ತಮ್ಮನೇ ಸರಿ ಎಂದು ಬೆಳಿಗ್ಗೆ ಸುಳ್ಳು ಹೇಳಲು ಬಾಯಿ ತೆರೆದೆ. "ಒಂದನ್ನೂ ಬಿಡಬೇಡ ಮಗಳೇ" ಎಂದರು. ಮತ್ತೆ ಸ್ಲೇಟು ಎತ್ತಿಕೊಂಡೆ. ನಿಮ್ಮಿಬ್ಬರ ಹಟಕ್ಕೆ ನನ್ನದೂ ಸೇರಿತು.

ನೀನು ಮಾತ್ರ ಲೆಕ್ಕ ಮುಗಿಯಲೆಂದು ಕಾಯಬೇಡ, ಹೊರಟು ಬಾ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ, ಸ್ವಲ್ಪ ಬುದ್ಧಿಯನ್ನೂ ಕೊಡಲಿ.

ನಿನ್ನ ಅಕ್ಕ,
ಬಂಗಾರಮ್ಮ

ವಿ.ಸೂ.: ಜಟ್ಟಪ್ಪ ಬಾಗಿಲಲ್ಲಿ ನಿಂತಿದ್ದಾನೆ, ರೈಲಿಗೆ ಹೊತ್ತಾಯಿತು. 983ಕ್ಕೆ 292 ಉಳಿಯಿತು, 991ಕ್ಕೆ 84. ಎರಡನ್ನೂ ಅಪ್ಪ ನೋಡಿ ತಲೆಯಾಡಿಸಿದರು. ಕೊನೆಯದು 997. ಉಳಿದದ್ದು ಹನ್ನೆರಡು, ಅಂದು ನೀನು ತೋರಿಸಿದ ಅದೇ ಹನ್ನೆರಡು. ನಿನ್ನ ಮಾತೇ ಸರಿ. ಹೇಳೋಣವೆಂದು ತಿರುಗಿದರೆ ಅಪ್ಪನ ಕಣ್ಣು ಸ್ಲೇಟಿನ ಮೇಲೇ ಇತ್ತು, ಉಸಿರಿರಲಿಲ್ಲ. ಇನ್ನು ನೀನು ಹೊಸಿಲು ತುಳಿಯಬಹುದು ಪುಟ್ಟಯ್ಯ. ಹೆಗಲು ಕೊಡಲು ಬಾ.