ಟೆಲಿಪ್ರಿಂಟರ್ ಬಂದ ಜೂನ್

೪ ಜೂನ್ ೧೯೭೯, ಸೋಮವಾರ. ಬೆಳಿಗ್ಗೆ

ರೇಡಿಯೋ ವಾರ್ತೆ ಮುಗಿಯಿತು. ಎಂದಿನಂತೆ ಒಂದಕ್ಷರ ಬಿಡದೆ ಬರೆದುಕೊಂಡೆ. ವಾರ್ತೆ ಓದುವವರು ಎಷ್ಟು ವೇಗವಾಗಿ ಓದಿದರೂ ಈ ಚಿನ್ನಪ್ಪನ ಪೆನ್ನು ಹಿಂದೆ ಬೀಳುವುದಿಲ್ಲ. ನಮ್ಮ ಸಂಜೆ ಪತ್ರಿಕೆಯ ಫಸ್ಟ್ ಪೇಜು ಇಷ್ಟು ವರ್ಷ ತುಂಬಿದ್ದು ಹೀಗೇ — ಜಯನಗರದ ಈ ಬಾಡಿಗೆ ಮನೆಯಲ್ಲಿ, ರೇಡಿಯೋ ಮುಂದೆ. ಹೆಂಡತಿ ಅಣ್ಣಮ್ಮ ಉಪ್ಪಿಟ್ಟು ತಂದಿಟ್ಟಳು. ತಿಂದು ಹೊರಡಬೇಕು.

ಅದೇ ದಿನ, ಸಂಜೆ

ಆಫೀಸಿಗೆ ಟೆಲಿಪ್ರಿಂಟರ್ ಬಂತು. ಟಕಟಕ ಅಂತ ತಾನೇ ಸುದ್ದಿ ಹೊಡೆಯುತ್ತದೆ. ಎಲ್ಲಾ ಇಂಗ್ಲಿಷು! ಎಡಿಟರ್ ರಾಮಪ್ರಸಾದರು ಕರೆದರು.

"ಇನ್ಮೇಲೆ ರೇಡಿಯೋ ಬೇಡ ಚಿನ್ನಪ್ಪ. ಇದನ್ನ ಕನ್ನಡ ಮಾಡೋರು ಒಬ್ರು ಬೇಕು. ಮಾಡ್ತೀರೋ, ಬೇರೆಯವ್ರನ್ನ ನೋಡ್ಲೋ?"

"ನಾನಿರೋವಾಗ ಬೇರೆಯವ್ರು ಯಾಕೆ ಸಾರ್?"

ಅಂದುಬಿಟ್ಟೆ. ಮೆಷಿನ್ ಹೊಡೆದ ಕಾಗದದ ಒಂದು ಕಂತೆ ಕೊಟ್ಟರು, ಮನೆಯಲ್ಲಿ ಮಾಡಿ ತರಬೇಕಂತೆ. ಈ ವಯಸ್ಸಿಗೆ ಪರೀಕ್ಷೆ! ನನ್ನ ಇಂಗ್ಲಿಷು ಬಸ್ ಬೋರ್ಡು ಓದುವಷ್ಟು. ಇರಲಿ. ಅಣ್ಣಮ್ಮ ಅಕ್ಕಪಕ್ಕದ ಮಕ್ಕಳಿಗೆ ಇಂಗ್ಲಿಷ್ ಟ್ಯೂಷನ್ ಹೇಳುತ್ತಾಳೆ. ಅವಳು ಓದಿದರಾಯಿತು, ಬರೆಯುವುದಕ್ಕೆ ನಾನಿದ್ದೇನಲ್ಲ.

೭ ಜೂನ್

ಪಾಸು! ಅಣ್ಣಮ್ಮ ಸೊಪ್ಪು ಬಿಡಿಸುತ್ತಾ ಹೇಳುತ್ತಾ ಹೋದಳು, ನಾನು ಬರೆಯುತ್ತಾ ಹೋದೆ. ರಾಮಪ್ರಸಾದರು ಓದಿ, "ಸಖತ್ತಾಗಿದೆ ಕಣ್ರೀ! ಸೋಮವಾರದಿಂದ ಮೆಷಿನ್ ಪಕ್ಕಾನೇ ಕೂತ್ಕೊಳ್ಳಿ" ಅಂದರು. ಫೋರ್ತ್ ಬ್ಲಾಕ್‌ನಲ್ಲಿ ಇಳಿದು ಮೈಸೂರುಪಾಕು, ಮಲ್ಲಿಗೆ ತಂದೆ.

೧೧ ಜೂನ್

ಮಾನ ಹೋಯಿತು. ಮೆಷಿನ್ ಹೊಡೆಯಿತು. ಕಾಗದ ಹರಿದುಕೊಂಡು ಕೂತೆ... ಒಂದು ಸಾಲೂ ಬರಲಿಲ್ಲ. ರಾಮಪ್ರಸಾದರು ಬಂದು ಪಕ್ಕದಲ್ಲಿ ನಿಂತರು.

"ಮನೇಲಿ ಹೆಂಗ್ರೀ ಮಾಡಿದ್ರಿ?"

"ನಮ್ಮನೆಯವ್ಳು ಓದಿದ್ಲು ಸಾರ್, ನಾನು ಬರೆದೆ."

"ಇಂಗ್ಲಿಷಲ್ಲಿ ಓದಿದ್ರೋ, ಕನ್ನಡದಲ್ಲೋ?"

"ಕನ್ನಡದಲ್ಲಿ" ಅಂದಮೇಲೆ ಹೊಳೆಯಿತು. ಕನ್ನಡದಲ್ಲಿ! ಅವಳು ಇಂಗ್ಲಿಷು ನೋಡುತ್ತಾ ಕನ್ನಡ ಹೇಳುತ್ತಿದ್ದಳು. ನಾನು ರೇಡಿಯೋ ಬರೆದುಕೊಂಡ ಹಾಗೆ ಬರೆದುಕೊಂಡೆ. ಎಲ್ಲಾ ನಾನೇ ಮಾಡಿದೆ ಅಂದುಕೊಂಡಿದ್ದೆ, ದೇವರಾಣೆ.

"ಇರೋದು ಒಂದೇ ಕೆಲ್ಸ. ಅವ್ರನ್ನ ಕಳಿಸ್ತೀರಾ?" ಅಂದರು.

೧೩ ಜೂನ್

ನಿನ್ನೆಯೆಲ್ಲಾ ಹೇಳಲಿಲ್ಲ. ಹೊಟ್ಟೆಯುರಿ, ಇನ್ನೇನು! ಇವತ್ತು ಹೇಳಿದೆ. ಅಣ್ಣಮ್ಮ ಸೌಟು ಹಿಡಿದುಕೊಂಡೇ ನಿಂತಳು.

"ನಿಮ್ ಕೆಲ್ಸ ನಾನ್ ಕಿತ್ಕೊಳ್ಳೋದಾ? ನೋಡಿದ ಜನ ಏನಂತಾರೆ?"

"ಜನ ಬಂದು ನಮ್ಮನೆ ಒಲೆ ಹಚ್ತಾರೇನೇ? ಹೋಗು."

"ಮತ್ತೆ ನೀವು?"

"ಈ ಊರಲ್ಲಿ ಭಾಷಣ ಮಾಡೋರಿಗೇನು ಬರವಾ? ಅದನ್ನ ಬಿಡದಂಗೆ ಬರ್ಕೊಳ್ಳೋನು ಎಲ್ಲಾ ಪೇಪರ್‌ಗೂ ಬೇಕು. ನಾಳೆಯಿಂದ ಒಂದೊಂದೇ ಆಫೀಸ್ ಕೇಳ್ತೀನಿ."

ನಕ್ಕಳು. ಯಾವ ಸೀರೆ ಉಡಲಿ ಅಂದಳು.

೧೮ ಜೂನ್, ಸಂಜೆ

ಅಣ್ಣಮ್ಮನ ಮೊದಲ ದಿನದ ಪತ್ರಿಕೆ. ಅವಳಿನ್ನೂ ಬಂದಿಲ್ಲ. ಒಂದೊಂದು ಸಾಲಿಗೂ ಬೆರಳಿಟ್ಟು ತಪ್ಪು ಹುಡುಕಿದೆ — ಸಿಗಲಿ ಅಂತಲೇ. ಒಂದೂ ಸಿಗಲಿಲ್ಲ. ಅಷ್ಟರಲ್ಲಿ ಪಕ್ಕದ ಮನೆ ಪಿಳ್ಳಪ್ಪನವರು ಗೇಟಿನಿಂದಲೇ ಕೂಗಿದರು.

"ಫಸ್ಟ್ ಪೇಜು ಜೋರಾಗಿದೆ ಸಾರ್ ಇವತ್ತು! ನೀವ್ ಬರೆದ್ರೆ ಬರೆದಂಗೆ ಬಿಡಿ."

"ಹ್ಞೂಂ" ಅಂದೆ. ಬಾಯಿಂದ ಬಂದೇಬಿಟ್ಟಿತು.

ಒಳಗೆ ಬಂದು ಇದನ್ನು ಬರೆಯುತ್ತಾ ಕೂತೆ. ಥೂ ನನ್ನ. ಪಿಳ್ಳಪ್ಪನವರು ಇನ್ನೂ ಬೀದಿಯಲ್ಲೇ ಇದ್ದಾರೆ, ಸೊಪ್ಪಿನವಳ ಹತ್ತಿರ ಚೌಕಾಸಿ ನಡೆದಿದೆ. ಅಣ್ಣಮ್ಮ ಬರುವುದರೊಳಗೆ ಹೋಗಿ, ನಾನಲ್ಲ, ಅಣ್ಣಮ್ಮ ಬರೆದದ್ದು ಅಂತ ಹೇಳಿ ಬಂದು, ಮಿಕ್ಕಿದ್ದು ಬರೆ—