ಸೌಟು ನನ್ನ ಕೈಗೆ ಬಂದ ದಿನ

ಅಪ್ಪಾ,

ಇವತ್ತು ನಿನ್ನ ಶ್ಯಾವಿಗೆ ಗಾಡಿಯ ಮಾನ ಕಳೆದೆ. ನಮ್ಮ ಪೆನಾಂಗಿನಲ್ಲಿ ಈಗ ಹೊರದೇಶದವರು ತಟ್ಟೆ ತೊಳೆಯಬಹುದು, ಆದರೆ ನಮ್ಮೂರ ತಿಂಡಿ ಹುರಿಯುವ ಹಾಗಿಲ್ಲ. ರುಚಿ ಕೆಡುತ್ತದಂತೆ! ಚೀನಾದಿಂದ ಹಡಗಿನಲ್ಲಿ ಬಂದಿಳಿದ ನಿನಗೆ ಆಗ ಯಾರೂ ಇದನ್ನು ಹೇಳಲಿಲ್ಲವಲ್ಲ.

ತಪಾಸಣೆಯ ಖೂ ಸಾಹೇಬರು ಬರುವುದು ಕಂಡದ್ದೇ, ಬರ್ಮಾದ ಥೆಟ್ ನೈಂಗ್ ಕೈಯಿಂದ ಸೌಟು ಕಿತ್ತುಕೊಂಡು ಅವನನ್ನು ಪಾತ್ರೆ ತೊಳೆಯಲು ಅಟ್ಟಿದೆ. ಸಾಹೇಬರು, "ಒಂದು ಪ್ಲೇಟ್ ಹಾಕಮ್ಮ" ಅಂತ ಕೂತೇಬಿಟ್ಟರು. ನೀನು ಅವನಿಗೆ ಕಲಿಸುವಾಗ ನಾನು ಗಲ್ಲಾದಲ್ಲಿ ಕೂತಿರುತ್ತಿದ್ದೆನಲ್ಲ, ಸಿಗಡಿ ರಬ್ಬರಾಯಿತು, ಶ್ಯಾವಿಗೆ ಮುದ್ದೆಯಾಯಿತು.

ಪಕ್ಕದ ಕಾಫಿ ಅಂಗಡಿಯ ಹ್ವೀ ಅತ್ತೆ ಕೂಗಿದಳು: "ಏನೇ, ಚಪ್ಪಲಿ ಹುರೀತಿದ್ದೀಯಾ?"

ಸಾಹೇಬರು ಎರಡು ತುತ್ತು ನುಂಗಿ, ನೀರು ಕುಡಿದು, ನನ್ನ ಕಿವಿಯ ಹತ್ತಿರ ಬಂದರು. "ನಾಳೆ ನನಗೆ ರಜೆ. ಮನೆಮಂದಿನೆಲ್ಲ ಕರ್ಕೊಂಡು ಬರ್ತೀನಿ. ನೀವು ಮಾತ್ರ ಹುರೀಬೇಡಿ, ಕೈ ಮುಗೀತೀನಿ."

ಪಾತ್ರೆಗಳ ನಡುವೆ ಥೆಟ್ ನೈಂಗ್ ನಕ್ಕಿದ್ದು ಕೇಳಿಸಿತು.

ಸಂಜೆ ನಿನ್ನ ಫೋಟೋ ಮುಂದೆ, ಹಟಕ್ಕೆ, ನಾನು ಹುರಿದ ತಟ್ಟೆಯನ್ನೇ ಇಟ್ಟೆ. ಊದುಬತ್ತಿ ಹಚ್ಚುವ ಮೊದಲೇ ನೀನು ಮುಖ ಸಿಂಡರಿಸಿದ ಹಾಗಾಯಿತು. ಅದನ್ನು ತೆಗೆದು, ಅವನು ಹುರಿದದ್ದನ್ನು ಇಟ್ಟೆ.